ಮೂರು ಬಿಲ್ಲೆಗೆ ಒಂದು ತಿಂಡಿ

ಘಾಟ್ಕೋಪರ್ ಪೂರ್ವ
15 ಜೂನ್ 2025

ತಮ್ಮ ತಿಲಕನಿಗೆ,

ಇಲ್ಲಿ ನಾವು ಮೂವರೂ ಉಸಿರಾಡಿಕೊಂಡಿದ್ದೇವೆ. ಅಲ್ಲಿ ನೀನೂ ನನ್ನ ಹೋಟೆಲೂ ಉಸಿರಾಡಿಕೊಂಡಿದ್ದೀರಿ ಎಂದು ನಂಬಿದ್ದೇನೆ.

ಫೋನ್ ಇರುವಾಗ ಇದೇನು ಕಾಗದ ಎಂದು ನಿನಗೆ ಆಶ್ಚರ್ಯವಾದೀತು. ಇದು ನಿನ್ನ ಅತ್ತಿಗೆ ವಿನೋದಿನಿಯ ಕಾನೂನು. ಮೊನ್ನೆ ನಾವಿಬ್ಬರೂ ಫೋನಿನಲ್ಲಿ ಕಿರುಚಾಡಿದ ಮೇಲೆ ಅವಳು ನನ್ನ ತೋಳಿಗೆ ಬಿ.ಪಿ. ಮೆಷಿನ್ ಕಟ್ಟಿದಳು. ನೂರ ಎಂಬತ್ತೆಂಟು ತೋರಿಸಿತು. "ಇನ್ನು ಅಣ್ಣ ತಮ್ಮ ಎಂಥ ಮಾತಾಡುವುದಿದ್ದರೂ ಬರೆದು ಮಾತಾಡಿ. ತುಳುವಿನಲ್ಲಿ ಬಾಯಿ ತೆರೆದರೆ ನಿಮಗೆ ಜಗಳವೇ ಬರುವುದು," ಎಂದಳು. ಅವಳು ಹೇಳಿದ್ದು ಸರಿ ಮಾರಾಯ. ನಾವು ಬೈದದ್ದು, ಬೈಸಿಕೊಂಡದ್ದು ಎಲ್ಲ ತುಳುವಿನಲ್ಲಿ. ಕನ್ನಡ ಕಲಿತದ್ದು ಮಾಸ್ತರರ ಎದುರು ಕೈಕಟ್ಟಿ ನಿಂತು. ಅದರಲ್ಲಿ ನಿನ್ನನ್ನು ಬೈಯಲು ಕುಳಿತರೆ ನನ್ನ ಪೆನ್ನು "ಮಾನ್ಯರೇ" ಎಂದೇ ಓಡುತ್ತದೆ.

ಅಂಚೆಯವಳು ಯಕ್ಷಿತಾ. ಹೇಗೂ ದಿನಾ ಮೆಟ್ರೋ, ಲೋಕಲ್ ಹತ್ತಿ ಸಾಂತಾಕ್ರೂಜಿಗೆ ಕೆಲಸಕ್ಕೆ ಬರುತ್ತಾಳಲ್ಲ. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಇಷ್ಟು ವರ್ಷ ಬೇಸರವಿತ್ತು. ಈಗ ಲಕೋಟೆಗೆ ಅಂಟು ಹಚ್ಚುವ ಕೆಲಸ ತಪ್ಪಿತು.

ವಿಷಯಕ್ಕೆ ಬರುತ್ತೇನೆ. ನನಗೆ ನನ್ನ ಗಲ್ಲಾ ವಾಪಸು ಬೇಕು. ನಲವತ್ತಮೂರು ವರ್ಷ ನಾನು ಆ ಹೋಟೆಲಿನಲ್ಲಿ ನಿಂತವನು, ಕೂತವನು. ಹೃದಯಕ್ಕೆ ಒಂದು ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ನನ್ನ ಕುರ್ಚಿಯನ್ನು ಮಾಳಿಗೆಗೆ ಏರಿಸಿದೆಯಲ್ಲ, ಇದು ಯಾವ ನ್ಯಾಯ? ಎಂಟು ತಿಂಗಳಾಯಿತು. ಬೆಳಗ್ಗೆ ನಾಲ್ಕಕ್ಕೆ ಎಚ್ಚರವಾಗುತ್ತದೆ, ರುಬ್ಬುವ ಸದ್ದಿಲ್ಲ. ಸೀಲಿಂಗ್ ನೋಡುತ್ತ ಮಲಗಿರುತ್ತೇನೆ. ಈ ಮನೆಯಲ್ಲಿ ಯಾರೂ ನನ್ನನ್ನು "ಶೇಟ್, ಎರಡು ಸ್ಪೆಷಲ್" ಎಂದು ಕೂಗುವುದಿಲ್ಲ.

ಇಲ್ಲಿ ನಮ್ಮ ಸೊಸೈಟಿಯಲ್ಲಿ ಹೊಸದಾಗಿ ವೆಲ್‌ನೆಸ್ ಕಮಿಟಿ ಎಂದು ಶುರುವಾಗಿದೆ. ಸೆಕ್ರೆಟರಿ ಧನ್ಸುಖ್‌ಭಾಯ್ ಅದರ ಹಿಂದೆ ಬಿದ್ದಿದ್ದಾರೆ. ಬೆಳಗ್ಗೆ ಆರಕ್ಕೆ ಪಾರ್ಕಿಂಗ್ ಮೇಲಿನ ಪೋಡಿಯಂನಲ್ಲಿ ವಾಕಿಂಗ್, ಏಳಕ್ಕೆ ಯೋಗ, ಭಾನುವಾರ ನಗುವ ಕ್ಲಬ್. ಹತ್ತೊಂಬತ್ತು ಮಹಡಿ, ನೂರ ಹದಿನಾಲ್ಕು ಮನೆ, ಬರುವವರು ಏಳು ಜನ. ಇವತ್ತು ಬಾಲ್ಕನಿಯಿಂದ ನೋಡಿದೆ. ಯಾರೂ ಏನೂ ಹೇಳಿರಲಿಲ್ಲ, ಏಳೂ ಜನ ಕೈ ಮೇಲೆತ್ತಿ ಹೋ ಹೋ ಎಂದು ನಗುತ್ತಿದ್ದರು. ನಿನ್ನ ಅತ್ತಿಗೆ ನನ್ನನ್ನೂ ಹೋಗಿ ಎನ್ನುತ್ತಾಳೆ. ಅಲ್ಲಿ ಹೋಗಿ ನಗುವಂಥ ಗತಿ ನನಗೆ ಇನ್ನೂ ಬಂದಿಲ್ಲ.

ಗಲ್ಲಾದ ವಿಷಯ ಮರೆಯಬೇಡ.

ನಿನ್ನ ಅಣ್ಣ
ಪೂವಪ್ಪ

*

ಸಾಂತಾಕ್ರೂಜ್
19 ಜೂನ್ 2025

ಅಣ್ಣನಿಗೆ ತಿಲಕನ ನಮಸ್ಕಾರ.

ನಿಮ್ಮ ಹೋಟೆಲ್ ಚೆನ್ನಾಗಿ ಉಸಿರಾಡುತ್ತಿದೆ. ನನಗೆ ಮಾತ್ರ ಉಸಿರಾಡಲು ಪುರುಸೊತ್ತಿಲ್ಲ. ಬೆಳಗ್ಗೆ ಐದಕ್ಕೆ ಗಲ್ಲಾದಲ್ಲಿ ಕೂತರೆ ಏಳುವುದು ರಾತ್ರಿ ಹನ್ನೊಂದಕ್ಕೆ. ಈ ಸೆಕೆಗೆ ಏನು ಮಾಡಿದರೂ ಬಾಯಾರಿಕೆ ಹೋಗುವುದಿಲ್ಲ. ಗಲ್ಲಾದ ಕೆಳಗೆ ಸಾಲಾಗಿ ಬಾಟಲಿ ಇಟ್ಟುಕೊಂಡಿದ್ದೇನೆ.

ಬರೆಯುವುದು ಒಳ್ಳೆಯದೇ ಆಯಿತು. ಫೋನಿನಲ್ಲಿ ಹೇಳಲಾಗದ್ದನ್ನು ಹೇಳುತ್ತೇನೆ. ಆ ದಿನ ನೀವು ದೋಸೆ ಕಾವಲಿಯ ಎದುರು ಬಿದ್ದಾಗ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ಆಂಬುಲೆನ್ಸ್ ಬರುವವರೆಗೆ ಇಪ್ಪತ್ತೆರಡು ನಿಮಿಷ. ಆ ಇಪ್ಪತ್ತೆರಡು ನಿಮಿಷ ನನಗೆ ಇನ್ನೊಮ್ಮೆ ಬೇಡ.

ಆದ್ದರಿಂದ ಒಂದು ಮಾತು. ನಿಮ್ಮ ಮೂರು ತಿಂಗಳ ಸರಾಸರಿ ಶುಗರ್ ಒಂಬತ್ತು ಪಾಯಿಂಟ್ ಆರು ಇದೆ, ಅತ್ತಿಗೆ ಹೇಳಿದರು. ಅದು ಏಳರ ಕೆಳಗೆ ಬಂದ ರಿಪೋರ್ಟ್ ಕಳಿಸಿ. ಅದೇ ದಿನ ನಿಮ್ಮ ಕುರ್ಚಿಯನ್ನು ನಾನೇ ಹೊತ್ತು ಕೆಳಗಿಳಿಸುತ್ತೇನೆ. ಏಳು ಎಂದರೆ ಏಳು. ಏಳೂಕಾಲಿಗೆ ಇಳಿಸುವುದಿಲ್ಲ.

ಆ ನಗುವ ಕ್ಲಬ್ಬಿಗೂ ಹೋಗಿ ಅಣ್ಣ. ನೀವು ನಗದೆ ಎಂಟು ತಿಂಗಳಾಯಿತು.

ನಿಮ್ಮ ತಮ್ಮ
ತಿಲಕ್

*

ಘಾಟ್ಕೋಪರ್ ಪೂರ್ವ
20 ಜುಲೈ 2025

ತಿಲಕ,

ಏಳು ಎಂದೆಯಲ್ಲ, ಆರಕ್ಕೆ ಇಳಿಸಿ ತೋರಿಸುತ್ತೇನೆ. ಕುರ್ಚಿಯ ಧೂಳು ಒರೆಸಲು ಈಗಲೇ ಯಾರಿಗಾದರೂ ಹೇಳಿಡು.

ನಿನ್ನ ಕಾಗದ ಬಂದ ಮರುದಿನವೇ ನಾನು ಪೋಡಿಯಂಗೆ ಇಳಿದೆ. ಮೊದಲ ದಿನ ನಾಲ್ಕು ಸುತ್ತಿಗೆ ನಾಲಿಗೆ ಹೊರಗೆ ಬಂತು. ಆದರೆ ನನಗೆ ನಿಜವಾಗಿ ಸಂಕಟವಾದದ್ದು ನಡೆದದ್ದಕ್ಕಲ್ಲ. ನಡೆದಾದ ಮೇಲೆ ಆ ಏಳು ಜನ ಬೆವರು ಒರೆಸಿಕೊಂಡು, ಬರೀ ಹೊಟ್ಟೆಯಲ್ಲಿ ಲಿಫ್ಟ್ ಹತ್ತಿ ಹೋದರು ನೋಡು, ಅದು ನನ್ನಿಂದ ನೋಡಲಾಗಲಿಲ್ಲ. ಬೆಳಗ್ಗೆ ಏಳೂವರೆಗೆ ನನ್ನ ಎದುರಿನಿಂದ ಜನ ತಿಂಡಿ ತಿನ್ನದೆ ಹೋದದ್ದು ನಲವತ್ತಮೂರು ವರ್ಷದಲ್ಲಿ ಅದೇ ಮೊದಲು.

ಮರುದಿನ ಒಂದು ಡಬ್ಬ ಇಡ್ಲಿ ಮಾಡಿಕೊಂಡು ಹೋದೆ. ಅಷ್ಟೇ. ಅದರ ಮರುದಿನ ಹನ್ನೊಂದು ಜನ ಬಂದರು. ವಾರದೊಳಗೆ ಮೂವತ್ತು. ಧನ್ಸುಖ್‌ಭಾಯ್ ನನ್ನ ಎರಡೂ ಕೈ ಹಿಡಿದುಕೊಂಡು, "ಪೂವಪ್ಪಾಜೀ, ಆಪ್ ನೇ ತೋ ಕಮಾಲ್ ಕರ್ ದಿಯಾ!" ಎಂದರು. ಈಗ ಸಾಮಾನು ಕಮಿಟಿಯವರದ್ದು, ಕೈ ನನ್ನದು. ಸೋಮವಾರ ಇಡ್ಲಿ, ಮಂಗಳವಾರ ಉದ್ದಿನ ವಡೆ, ಗುರುವಾರ ಗೋಳಿಬಜೆ, ಶನಿವಾರ ಬನ್ಸ್, ಭಾನುವಾರ ಶೀರಾ. ಮಳೆ ಬಂದರೆ ಕೆಳಗೆ ಪಾರ್ಕಿಂಗ್‌ನಲ್ಲಿ ಕಾರುಗಳ ನಡುವೆ ನಡೆಯುತ್ತೇವೆ. ಇವತ್ತು ಅರವತ್ತೊಂದು ಜನ, ತಿಲಕ! ಲಿಫ್ಟಿನಲ್ಲಿ ಮುಖ ತಿರುಗಿಸಿ ನಿಲ್ಲುತ್ತಿದ್ದವರೆಲ್ಲ ಈಗ "ಅಂಕಲ್, ಕಲ್ ಕ್ಯಾ ಹೈ?" ಎಂದು ನಾಳೆಯ ತಿಂಡಿ ಕೇಳುತ್ತಾರೆ. ಹದಿನೇಳನೇ ಮಹಡಿಯ ಅಜ್ಜಿಯೊಬ್ಬರು ಕೋವಿಡ್ ಆದ ಮೇಲೆ ಮನೆಯಿಂದ ಇಳಿದವರೇ ಅಲ್ಲವಂತೆ. ಗೋಳಿಬಜೆಗೆ ಇಳಿದರು.

ನಾನು ತಿನ್ನುವುದಿಲ್ಲ. ನಿನ್ನ ಅತ್ತಿಗೆ ಏನಾದರೂ ಹೇಳಿದರೆ ನಂಬಬೇಡ. ರುಚಿ ನೋಡುತ್ತೇನೆ, ಅಷ್ಟೆ. ರುಚಿ ನೋಡದೆ ಬಡಿಸುವುದು ಅಡುಗೆಯವನಿಗೆ ಶೋಭೆಯಲ್ಲ.

ಒಬ್ಬಳು ಮಾತ್ರ ನನ್ನ ಪ್ಲೇಟಿಗೆ ಕೈ ಚಾಚಿಲ್ಲ. ಮೆಟ್ಟಿಲು ಗುಡಿಸುವ ಸುಂದ್ರವ್ವ, ಕಲಬುರ್ಗಿ ಕಡೆಯವಳು. ಹತ್ತೊಂಬತ್ತನೇ ಮಹಡಿಯಿಂದ ಶುರು ಮಾಡಿ ಕೆಳಗಿನವರೆಗೆ ದಿನಾ ಗುಡಿಸಿ ಒರೆಸುತ್ತಾಳೆ. ವಡೆ ಕೊಡಲು ಹೋದರೆ, "ಬ್ಯಾಡ್ರಿ ಸಾಹೇಬ್ರ, ನಂದು ರೊಟ್ಟಿ ಅದ," ಎಂದಳು. ಹೇಳಿ ನನ್ನ ಬಾಂಡಲೆಯನ್ನೇ ಒಂದು ಥರ ನೋಡಿದಳು. ನನಗೆ ಸ್ವಲ್ಪ ಬೇಜಾರಾಯಿತು.

ಮುಂದಿನ ತಿಂಗಳು ಸೊಸೈಟಿಯಲ್ಲಿ ಹೆಲ್ತ್ ಕ್ಯಾಂಪ್. ರಿಪೋರ್ಟ್ ನಿನ್ನ ಕೈಗೆ ಬರುತ್ತದೆ.

ನಿನ್ನ ಅಣ್ಣ
ಪೂವಪ್ಪ

*

ಘಾಟ್ಕೋಪರ್ ಪೂರ್ವ
26 ಆಗಸ್ಟ್ 2025

ಚಿ. ತಿಲಕನಿಗೆ ಅತ್ತಿಗೆಯ ಆಶೀರ್ವಾದ.

ನಿಮ್ಮ ಅಣ್ಣ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಇದನ್ನು ಓದಿ ನಗಬೇಡಿ. ನಗು ಬರುತ್ತದೆ, ಗೊತ್ತು. ನನಗೂ ಮೊದಲು ಬಂತು, ಆಮೇಲೆ ಹೋಯಿತು.

ಹದಿನೇಳನೇ ತಾರೀಕು ಕ್ಯಾಂಪ್ ಆಯಿತು. ಲೇಡಿ ಡಾಕ್ಟರ್, ನಾಲ್ಕು ನರ್ಸ್, ತೂಕದ ಮೆಷಿನ್. ವಾಕಿಂಗಿಗೆ ಹೆಸರು ಬರೆಸುವಾಗಲೇ ಎಲ್ಲರ ತೂಕ ಬರೆದಿಟ್ಟಿದ್ದರು. ಈಗ ಒಬ್ಬೊಬ್ಬರೇ ಮೆಷಿನ್ ಹತ್ತಿದ ಹಾಗೆ ಡಾಕ್ಟರ ಮುಖ ಬದಲಾಗುತ್ತ ಹೋಯಿತು. ಐವತ್ತೆಂಟು ಜನರಲ್ಲಿ ನಲವತ್ತೊಂದು ಜನರ ತೂಕ ಏರಿತ್ತು. ಸಕ್ಕರೆ ಇದ್ದವರ ಸಕ್ಕರೆಯೂ ಏರಿತ್ತು. ಕೊನೆಗೆ ಅವರು ಪೆನ್ನು ಕೆಳಗಿಟ್ಟು, "ಆಪ್ ಲೋಗ್ ಸಚ್ ಮೇ ಚಲ್ತೇ ಹೈಂ? ಯಹಾಂ ಚಲ್ ಕ್ಯಾ ರಹಾ ಹೈ?" ಎಂದು ಕೇಳಿದರು. ನೀವು ನಿಜವಾಗಿ ನಡೆಯುತ್ತೀರಾ, ಇಲ್ಲಿ ನಡೆಯುತ್ತಿರುವುದಾದರೂ ಏನು ಎಂದು. ಎಲ್ಲರೂ ನಿಮ್ಮ ಅಣ್ಣನ ಕಡೆ ತಿರುಗಿದರು. ಸೆಕ್ರೆಟರಿಯ ಕೈಯಲ್ಲಿ ಆಗಲೂ ಶೀರಾದ ಪ್ಲೇಟಿತ್ತು.

ಯಾರೂ ಕೆಟ್ಟ ಮಾತು ಆಡಲಿಲ್ಲ. ಒಬ್ಬರು ಮಾತ್ರ, "ಹೋಟೆಲ್‌ವಾಲೇ ಕೋ ಹೆಲ್ತ್ ದೇ ದಿಯಾ," ಹೋಟೆಲಿನವನ ಕೈಗೆ ಆರೋಗ್ಯ ಕೊಟ್ಟೆವಲ್ಲ, ಎಂದು ನಕ್ಕರು. ಅದೇ ಸಾಕಾಯಿತು ಇವರಿಗೆ. ಪಾತ್ರೆಯನ್ನೂ ತೆಗೆದುಕೊಳ್ಳದೆ ಮೇಲೆ ಬಂದರು. ಬುಧವಾರ ಇವರ ರಿಪೋರ್ಟ್ ಬಂತು. ಹತ್ತು ಪಾಯಿಂಟ್ ಒಂದು. ಮಾತ್ರೆಯನ್ನೂ ಸರಿಯಾಗಿ ನುಂಗಿರಲಿಲ್ಲ, "ನಡೆಯುತ್ತೇನಲ್ಲ, ಮಾತ್ರೆ ಎಂಥಕ್ಕೆ" ಎನ್ನುತ್ತಿದ್ದರು. ಡ್ರಾಯರ್ ತೆಗೆದರೆ ಎರಡು ತಿಂಗಳ ಮಾತ್ರೆ ಹಾಗೇ ಇದೆ.

ಅಂದಿನಿಂದ ರೂಮಿನಿಂದ ಹೊರಗೆ ಬಂದಿಲ್ಲ. ಗ್ರೈಂಡರಿಗೆ ಬಟ್ಟೆ ಮುಚ್ಚಿದ್ದಾರೆ. ನಾಳೆ ಚೌತಿ, ಮೋದಕದ ಹೆಸರೆತ್ತಿದರೂ ಗೋಡೆ ಕಡೆ ತಿರುಗುತ್ತಾರೆ. ಬೈದರೆ ಸಮಾಧಾನವಾಗುತ್ತಿತ್ತು. ನನಗೆ ಹೆದರಿಕೆ ಯಾಕೆಂದರೆ ಈಗ ಗಲ್ಲಾದ ಮಾತನ್ನೂ ಎತ್ತುವುದಿಲ್ಲ. ಕುರ್ಚಿ ಬೇಕು ಎಂದು ಹಟ ಮಾಡುವ ಗಂಡ ನನಗೆ ಬೇಕು ತಿಲಕ. ಈ ಸುಮ್ಮನಿರುವವರನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ನೀವು ಏನಾದರೂ ಬರೆಯಿರಿ. ಕ್ಯಾಂಪ್ ವಿಷಯ ಬೇಡ.

ನಿಮ್ಮ ಅತ್ತಿಗೆ
ವಿನೋದಿನಿ

*

ಸಾಂತಾಕ್ರೂಜ್
2 ಸೆಪ್ಟೆಂಬರ್ 2025

ಅಣ್ಣನಿಗೆ ತಿಲಕನ ನಮಸ್ಕಾರ.

ಹೋಟೆಲಿನಲ್ಲಿ ವಿಶೇಷವೇನಿಲ್ಲ. ಹಳೆಯ ಗಿರಾಕಿ ವಕೀಲ ಸಾಹೇಬರು ಕಾಫಿ ಒಂದು ಗುಟುಕು ಕುಡಿದು, "ದೊಡ್ಡಣ್ಣ ಇನ್ನೂ ಬಂದಿಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. "ಕಾಫಿಯೇ ಹೇಳುತ್ತದೆ," ಎಂದರು. ನನ್ನ ಕಾಲಿಗೆ ಚಪ್ಪಲಿ ಕಚ್ಚಿದ ಗಾಯ ತಿಂಗಳಾದರೂ ಆರಿಲ್ಲ. ಮಳೆಗಾಲ ನೋಡಿ, ಅಡುಗೆಮನೆಯಲ್ಲೆಲ್ಲ ನೀರು.

ನಿನ್ನೆ ಏನನ್ನೋ ಹುಡುಕಲು ಮಾಳಿಗೆ ಹತ್ತಿದೆ. ನಿಮ್ಮ ಕುರ್ಚಿ ಅಲ್ಲಿದೆ. ಅದರ ಪಕ್ಕದ ಜಾಗ ನೋಡಿದಾಗ ನೆನಪಾಯಿತು. ನನಗೆ ಟೈಫಾಯ್ಡ್ ಬಂದಾಗ ನೀವು ಚಾಪೆ ಹಾಸಿ ನನ್ನನ್ನು ಮಲಗಿಸಿದ್ದು ಅಲ್ಲೇ. ಊರಿಗೆ ಕಳಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೆಳಗೆ ದೋಸೆ ಹುಯ್ಯುವ ಸದ್ದು, ತುಪ್ಪದ ಪರಿಮಳ ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು. ಒಂದು ತುಂಡು ದೋಸೆಗಾಗಿ ನಾನು ಗಂಡಸು ಎಂಬುದನ್ನೂ ಮರೆತು ಅತ್ತೆ. ನೀವು ಕೊಡಲಿಲ್ಲ. ಇಪ್ಪತ್ತೊಂದು ದಿನ ಗಂಜಿ. ಅದೂ ಸೋಸಿದ್ದು, ಲೆಕ್ಕದ ಚಮಚ. ಒಂದು ಚಮಚ ಹೆಚ್ಚು ಕೇಳಿದರೂ "ಇಲ್ಲ" ಎಂದಿರಿ. ನಿಮ್ಮನ್ನು ಕಟುಕ ಎಂದು ಬೈದೆ, ತುಳುವಿನಲ್ಲಿ.

ನಾನು ಎದ್ದು ಕೆಳಗೆ ಬಂದ ದಿನ ಅಡುಗೆಯ ಭಟ್ಟರು ಒಂದು ಮಾತು ಹೇಳಿದರು. ಆ ಇಪ್ಪತ್ತೊಂದು ದಿನ ನೀವೂ ದೋಸೆ ಬಾಯಿಗಿಟ್ಟಿರಲಿಲ್ಲವಂತೆ. ನಾನು ಇದನ್ನು ನಿಮಗೆ ಇವತ್ತಿನವರೆಗೆ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು. ಬರೆಯುವುದು ಸುಲಭ.

ಮಾಳಿಗೆಯಲ್ಲಿ ಒಂದು ಡಬ್ಬ ಸಿಕ್ಕಿತು, ನಮ್ಮ ಹಳೆಯ ಹಿತ್ತಾಳೆ ಬಿಲ್ಲೆಗಳು. ಗಲ್ಲಾದಲ್ಲಿ ಬಿಲ್ಲೆ ತೆಗೆದುಕೊಂಡು ಬಂದವರಿಗೆ ಮಾತ್ರ ತಿಂಡಿ ಕೊಡುತ್ತಿದ್ದ ಕಾಲದ್ದು. ಕಂಪ್ಯೂಟರ್ ಬಿಲ್ ಬಂದ ಮೇಲೆ ಇಲ್ಲಿ ಯಾರಿಗೂ ಬೇಡ. ಯಕ್ಷಿತಾಳ ಚೀಲದಲ್ಲಿ ಕಳಿಸಿದ್ದೇನೆ. ಎತ್ತಿ ನೋಡಿ, "ಚಿಕ್ಕಪ್ಪ, ಇದರಲ್ಲಿ ಪತ್ಥರ್ ಉಂಟಾ?" ಎಂದು ಕೇಳಿದಳು.

ನಿಮ್ಮ ತಮ್ಮ
ತಿಲಕ್

*

ಘಾಟ್ಕೋಪರ್ ಪೂರ್ವ
5 ಅಕ್ಟೋಬರ್ 2025

ತಿಲಕ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಆ ಚಾಪೆಯ ಹತ್ತಿರ ಬಂದು ಪೆನ್ನು ನಿಲ್ಲುತ್ತಿತ್ತು. ಭಟ್ಟರ ಬಾಯಿಯಲ್ಲಿ ಒಂದು ಮಾತು ನಿಲ್ಲುತ್ತಿರಲಿಲ್ಲ. ಇರಲಿ.

ಕ್ಯಾಂಪಿನ ಕಥೆ ನಿನ್ನ ಅತ್ತಿಗೆ ಬರೆದಿರಬೇಕು, ನನಗೆ ಗೊತ್ತು. ನೀನು ಅದನ್ನು ಎತ್ತಲಿಲ್ಲ. ಎತ್ತಿದ್ದರೆ ನಾನು ಇವತ್ತು ಬರೆಯುತ್ತಿರಲಿಲ್ಲ.

ಬಿಲ್ಲೆಯ ಡಬ್ಬ ಬಂದ ಮರುದಿನ ಬೆಳಗ್ಗೆ ಪೇಪರ್ ತೆಗೆದುಕೊಳ್ಳಲು ಬಾಗಿಲು ತೆರೆದೆ. ಸುಂದ್ರವ್ವ ನಮ್ಮ ಮಹಡಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ಬಿಚ್ಚುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. "ಯಾಕ್ರಿ ಸಾಹೇಬ್ರ, ಮಂದೀಗಿ ಮಾರಿ ತೋರ್ಸವಲ್ರಿ?" ಎಂದು ಕೇಳಿದಳು. ಮಾರಿ ಎಂದರೆ ಅವರ ಕಡೆ ಮುಖ.

"ಎಲ್ಲರ ಆರೋಗ್ಯ ಹಾಳು ಮಾಡಿದೆನಲ್ಲಮ್ಮ," ಎಂದೆ.

"ಹಾಳೇನ್ ಮಾಡಿಲ್ರಿ. ನೀವೇ ನಡ್ಸಿದ್ರಿ, ನೀವೇ ತಿನ್ಸಿದ್ರಿ. ಸಣ್ಣ ಹುಡುಗ್ರಿಗಿ ಮಾಡ್ದಂಗ ಮಾಡಿದ್ರಿ. ನಾ ದಿನಾ ನೋಡ್ತಿದ್ನಿ. ಮಂದಿ ಎರಡ್ ಸುತ್ತ ಹಾಕಿ ನಿಮ್ಮ ಬುಟ್ಟಿ ಮುಂದ ನಿಂದರ್ತಿದ್ರು."

"ಆಗಲೇ ಹೇಳಬಾರದಿತ್ತಾ?"

"ಕಸಬರಿಗಿ ಹಿಡ್ದಾಕಿ ಮಾತ ಯಾರ್ ಕೇಳ್ತಾರ್ರಿ?"

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ. ಅವಳು ಅರ್ಧ ರೊಟ್ಟಿ ಮುರಿದು, ಮೇಲೆ ಹುಳಿಸೊಪ್ಪಿನ ಪುಂಡಿಪಲ್ಯ ಇಟ್ಟು ಕೊಟ್ಟಳು. ತಿಂದೆ. ಎಣ್ಣೆಯ ಹನಿ ಇಲ್ಲದ ಒಂದು ತುತ್ತು ಇಷ್ಟು ರುಚಿಯಾಗಿರಬಹುದು ಎಂದು ಗೊತ್ತಾಗಲು ನನಗೆ ಅರವತ್ತಾರು ವರ್ಷ ಬೇಕಾಯಿತು. ಇನ್ನರ್ಧ ಕೇಳಿದೆ. "ಸಾಕ್ರಿ. ನಿಮಗ ಸಕ್ರಿ ಅದ," ಎಂದು ಡಬ್ಬಿ ಮುಚ್ಚಿದಳು. ಆಗ ನಿನ್ನ ಟೈಫಾಯ್ಡ್ ನೆನಪಾಯಿತು. ನನಗೂ ಒಂದು ಕಾಲದಲ್ಲಿ "ಇಲ್ಲ" ಎನ್ನಲು ಬರುತ್ತಿತ್ತಲ್ಲ!

ಮರುದಿನವೇ ಕೆಳಗಿಳಿದೆ. ಎಲ್ಲರ ಎದುರು ನಿಂತು, ತಪ್ಪು ನನ್ನದು ಎಂದೆ. ಆಮೇಲೆ ಬಿಲ್ಲೆಯ ಡಬ್ಬ ತೆರೆದೆ. ಹೊಸ ಕಾನೂನು ಹೀಗೆ. ಪೋಡಿಯಂನಲ್ಲಿ ಹತ್ತು ಸುತ್ತು ನಡೆದರೆ ಒಂದು ಬಿಲ್ಲೆ. ಯೋಗಕ್ಕೆ ಪೂರಾ ಕೂತರೆ ಒಂದು. ಮೆಟ್ಟಿಲು ಹತ್ತಿದರೆ ಒಂದು, ಅದನ್ನು ಕೊಡುವವಳು ಸುಂದ್ರವ್ವ. ವಯಸ್ಸು ನೋಡಿ, ಮೊಣಕಾಲು ನೋಡಿ, ಯಾರು ಎಷ್ಟನೇ ಮಹಡಿಯವರೆಗೆ ಎಂದು ಅವಳೇ ಹೇಳುತ್ತಾಳೆ. ನನಗೆ ಡಾಕ್ಟರನ್ನು ಕೇಳಿ ಮೂರನೆಯದು ಎಂದಳು. ಮೂರು ಬಿಲ್ಲೆ ತಂದವರಿಗೆ ಒಂದು ತಿಂಡಿ. ತಿಂಡಿ ಎಂದರೆ ಒಂದು ಲೋಟ ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಒಂದು ಸಣ್ಣ ಬಟ್ಟಲು ಮೊಳಕೆ ಹೆಸರಿನ ಉಸಲಿ. ಶನಿವಾರ ಅರ್ಧ ಜೋಳದ ರೊಟ್ಟಿ. ಎರಡನೇ ಸಲ ಇಲ್ಲ. ಧನ್ಸುಖ್‌ಭಾಯ್ ಬಟ್ಟಲು ಮುಂದೆ ಚಾಚಿದರು. ಸೌಟನ್ನು ಕೆಳಗಿಟ್ಟು "ಇಲ್ಲ" ಎಂದೆ. ನನ್ನ ಜೀವನದಲ್ಲಿ ಗಿರಾಕಿಗೆ ಹೇಳಿದ ಮೊದಲ "ಇಲ್ಲ" ಅದು.

ಅರವತ್ತೊಂದು ಜನ ಹತ್ತೊಂಬತ್ತಕ್ಕೆ ಇಳಿದರು. ಈಗ ಪುನಃ ಏರಿ ಮೂವತ್ತನಾಲ್ಕು. ಗೋಳಿಬಜೆಗೆ ಇಳಿದಿದ್ದ ಹದಿನೇಳನೇ ಮಹಡಿಯ ಅಜ್ಜಿ ಬಿಲ್ಲೆಗೂ ಇಳಿದರು. ಹತ್ತು ಸುತ್ತಿಗೆ ಅವರಿಗೆ ಒಂದು ಗಂಟೆ ಬೇಕು. ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎಲ್ಲರಿಗೂ ತೋರಿಸುತ್ತಾರೆ.

ಇನ್ನೊಂದು ಕೆಲಸ ಮಾಡಿದೆ, ನಿನಗೆ ಹೇಳಬೇಕು. ಯೋಗವಾಗಲಿ ಕ್ಯಾಂಪಾಗಲಿ, ಫ್ಲ್ಯಾಟ್ ಇದ್ದವರಿಗೆ ಮಾತ್ರ ಎಂದು ಬೋರ್ಡಿತ್ತು. ವಾಚ್‌ಮನ್‌ಗಳೂ ಗುಡಿಸುವವರೂ ಬರಬೇಕು, ಇಲ್ಲದಿದ್ದರೆ ನಾನು ಒಲೆ ಹಚ್ಚುವುದಿಲ್ಲ ಎಂದು ಕಮಿಟಿಗೆ ಹೇಳಿದೆ. ಸ್ವಲ್ಪ ಗೊಣಗಿದರು, ಆಮೇಲೆ ಒಪ್ಪಿದರು. ಸುಂದ್ರವ್ವನಿಗೆ, "ನಿನಗೆ ಎಂಥಕ್ಕೆ ವ್ಯಾಯಾಮ, ದಿನಾ ಹತ್ತೊಂಬತ್ತು ಮಹಡಿ ಆಗುತ್ತದಲ್ಲ," ಎಂದೆ. "ಅದು ದುಡಿಮಿರಿ. ದುಡಿಮಿಗಿ ಬೆನ್ನು ಬಾಗ್ತದ, ವ್ಯಾಯಾಮಕ್ಕ ನೆಟ್ಟಗಾಗ್ತದ. ಎರಡೂ ಒಂದೇ ಹೆಂಗಾಗ್ತದ?" ಎಂದಳು. ಮೊದಲ ದಿನ ಮ್ಯಾಟ್ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಟೀಚರ್ ಹೆದರಿ ಮುಟ್ಟಿದರು. "ಇರ್ರಿ. ಮೂವತ್ತ್ ವರ್ಷ ಆತು, ಬೆನ್ನಿಗಿ ಇವತ್ತ ಸೂಟಿ ಕೊಟ್ಟೀನಿ," ಎಂದಳು. ನಾನು ಎಷ್ಟೋ ದೊಡ್ಡ ಮನುಷ್ಯರಿಗೆ ಕಾಫಿ ಕೊಟ್ಟವನು ತಿಲಕ. ಇವಳಷ್ಟು ನೇರವಾಗಿ ನಿಂತವರನ್ನು ಕಂಡಿಲ್ಲ.

ಮಾತ್ರೆ ನುಂಗುತ್ತಿದ್ದೇನೆ. ಗಲ್ಲಾ ಇನ್ನೂ ಬೇಕು.

ನಿನ್ನ ಅಣ್ಣ
ಪೂವಪ್ಪ

*

ಘಾಟ್ಕೋಪರ್ ಪೂರ್ವ
26 ನವೆಂಬರ್ 2025

ತಮ್ಮ ತಿಲಕನಿಗೆ,

ಭಾನುವಾರ ನೀನು ಹೇಳದೆ ಕೇಳದೆ ನಮ್ಮ ಎರಡನೇ ಕ್ಯಾಂಪಿಗೆ ಬಂದೆ. ಅಣ್ಣ ನಿಜವಾಗಿ ನಡೆಯುತ್ತಾನೋ, ಕಾಗದದಲ್ಲಿ ಮಾತ್ರ ನಡೆಯುತ್ತಾನೋ ಎಂದು ನೋಡಲು ಬಂದವನು ನೀನು. ಸುಳ್ಳು ಹೇಳಬೇಡ. ನೀನು ಗೇಟಿನಲ್ಲಿ ಕಾಲಿಟ್ಟಾಗಲೇ ನಾನು ಮೇಲಿನಿಂದ ನೋಡಿದ್ದೆ. ನೀನು ಕುಂಟುತ್ತಿದ್ದೆ.

ನನ್ನ ಹತ್ತಿರ ಬಂದು ಬಟ್ಟಲಿಗೆ ಕೈ ಹಾಕಿದೆ. ಹಿಂದಿನಿಂದ ಸುಂದ್ರವ್ವ, "ಯಾರ್ರಿ ಅವ್ರು? ಬಿಲ್ಲಿ ಎಲ್ಲವ?" ಎಂದು ಕೂಗಿದಳು. ನನ್ನ ತಮ್ಮ ಎಂದೆ. "ತಮ್ಮ ಇದ್ರೇನಾತು, ಬಿಲ್ಲಿ ಇರ್ಲಿ," ಎಂದಳು. ಇಡೀ ಪೋಡಿಯಂ ನಕ್ಕಿತು, ನೀನೂ ನಕ್ಕೆ. ಬಿಲ್ಲೆಗಾಗಿ ನೀನು ಮೆಟ್ಟಿಲು ಹತ್ತಲು ಹೋದೆ. ಎರಡನೇ ಮಹಡಿಯಲ್ಲಿ ನೀನು ಗೋಡೆ ಹಿಡಿದು ಕೂತದ್ದನ್ನು ಮೊದಲು ನೋಡಿದವಳು ಅವಳೇ. ಕೈ ಹಿಡಿದು ಕೆಳಗೆ ಕರೆತಂದು ಡಾಕ್ಟರ ಎದುರು ಕೂರಿಸಿದವಳೂ ಅವಳೇ. ನರ್ಸ್ ನಿನ್ನ ಬೆರಳು ಚುಚ್ಚಿದಳು. ಮೆಷಿನ್‌ನಲ್ಲಿ ಬಂದದ್ದನ್ನು ನಾನು ನಿನ್ನ ಹೆಗಲ ಮೇಲಿನಿಂದ ಓದಿದೆ. ಮುನ್ನೂರ ಇಪ್ಪತ್ತಾರು.

ನೀನು ಚೀಟಿಯನ್ನು ಮಡಚಿ ಜೇಬಿಗೆ ಹಾಕಿದೆ. "ಹೋಟೆಲಿಗೆ ಹೊತ್ತಾಯಿತು ಅಣ್ಣ," ಎಂದೆ. ಹೋದೆ. ನಾನು ತುಳುವಿನಲ್ಲಿ ನಿನ್ನನ್ನು ಬೈಯಲೂ ಇಲ್ಲ.

ಆಮೇಲೆ ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಪುನಃ ಓದಿದೆ. ಗಲ್ಲಾದ ಕೆಳಗೆ ಸಾಲು ಸಾಲು ಬಾಟಲಿ, ಹೋಗದ ಬಾಯಾರಿಕೆ, ಆರದ ಗಾಯ. ಎಲ್ಲ ನೀನೇ ಬರೆದಿದ್ದೆ. ನಾನು ಓದಿದ್ದು ಮಾತ್ರ ಕುರ್ಚಿ, ಕುರ್ಚಿ, ಕುರ್ಚಿ. ನನ್ನನ್ನು ಉಳಿಸಲು ನನ್ನ ಜಾಗದಲ್ಲಿ ಕೂತು, ನೀನು ನನ್ನ ಕಾಯಿಲೆಯನ್ನೇ ಹಿಡಿಸಿಕೊಂಡೆಯಲ್ಲೋ. ದಿನಕ್ಕೆ ಹದಿನೆಂಟು ಗಂಟೆ ಕೂತರೆ ಯಾರ ಮೈ ತಡೆಯುತ್ತದೆ?

ನನ್ನ ರಿಪೋರ್ಟ್ ನಿನ್ನೆ ಬಂತು, ಇದರ ಜೊತೆ ಇಟ್ಟಿದ್ದೇನೆ. ಆರು ಪಾಯಿಂಟ್ ಒಂಬತ್ತು. ನೀನು ಹೇಳಿದ್ದು ಏಳರ ಕೆಳಗೆ. ಕೂದಲೆಳೆಯಷ್ಟಾದರೂ ಕೆಳಗೇ ಇದೆ. ಇದನ್ನು ನಿನ್ನ ಎದುರು ಗಲ್ಲಾದ ಮೇಲೆ ಬಿಸಾಡಬೇಕು ಎಂದು ಐದು ತಿಂಗಳು ಕನಸು ಕಂಡಿದ್ದೆ. ಈಗ ಆ ಖುಷಿಯೇ ಇಲ್ಲ. ಕುರ್ಚಿ ಮಾಳಿಗೆಯಲ್ಲೇ ಇರಲಿ. ಅದು ಬೇಡ ನನಗೆ, ನೀನು ಬೇಕು. ಇದನ್ನು ತುಳುವಿನಲ್ಲಿ ಹೇಳಲು ಹೋದರೆ ಬೈಗುಳವೇ ಬರುತ್ತದೆ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ನಾಳೆಯೇ ಡಾಕ್ಟರಿಗೆ ತೋರಿಸು. ಗಾಯವನ್ನೂ ತೋರಿಸು. ಇಪ್ಪತ್ತೊಂದು ದಿನ ನಿನಗೆ ಗಂಜಿ ಕುಡಿಸಿದವನು ನಾನು, ಅಂಬಲಿ ಕುಡಿಸುವುದು ಎಷ್ಟರ ಕೆಲಸ.

ಲಕೋಟೆಯಲ್ಲಿ ಒಂದು ಬಿಲ್ಲೆ ಇದೆ. ಸುಂದ್ರವ್ವ ಕೊಟ್ಟದ್ದು. "ಎರಡ್ ಅಂತಸ್ತಿಗಿ ಬಿಲ್ಲಿ ಬರಂಗಿಲ್ಲ, ಆದ್ರ ಇದು ಉದ್ರಿ. ನಡದು ತೀರ್ಸ್ಲಿ ಅಂತ ಹೇಳ್ರಿ," ಎಂದಳು.

ನಿನ್ನ ಅಣ್ಣ
ಪೂವಪ್ಪ

*

ಸಾಂತಾಕ್ರೂಜ್
3 ಡಿಸೆಂಬರ್ 2025

ಅಣ್ಣನಿಗೆ ತಿಲಕನ ನಮಸ್ಕಾರ.

ಡಾಕ್ಟರಿಗೆ ತೋರಿಸಿದೆ. ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದ್ದಾರೆ, ಇನ್ನು ಹದಿನೈದು ದಿನ ತಡವಾಗಿದ್ದರೆ ಬೆರಳು ಉಳಿಯುತ್ತಿರಲಿಲ್ಲವಂತೆ. ಮಾತ್ರೆ ಶುರುವಾಗಿದೆ, ಡ್ರಾಯರಿನಲ್ಲಿ ಇಡುವುದಿಲ್ಲ. ಗಾಯ ಒಣಗಿದ ಮೇಲೆ ದಿನಾ ಒಂದು ಗಂಟೆ ನಡೆಯಲೇಬೇಕು ಎಂದಿದ್ದಾರೆ. ಒಂದು ಗಂಟೆ ಗಲ್ಲಾ ಬಿಟ್ಟರೆ ಹೋಟೆಲನ್ನು ಯಾರು ನೋಡುತ್ತಾರೆ ಎಂದು ಕೇಳಿದೆ. "ಮನೆಯಲ್ಲಿ ಯಾರೂ ಇಲ್ಲವಾ?" ಎಂದರು.

ಇವತ್ತು ನಿಮ್ಮ ಕುರ್ಚಿ ಇಳಿಸಿದೆ. ನಾನೇ ಹೊರುತ್ತೇನೆ ಎಂದು ಆಣೆ ಹಾಕಿದ್ದೆ, ಕಾಲಿನಿಂದಾಗಿ ಆಗಲಿಲ್ಲ. ಇಬ್ಬರು ಮಾಣಿಗಳು ಹಿಡಿದರು, ನಾನು ಕೆಳಗೆ ನಿಂತು ಕೈಕೊಟ್ಟೆ. ಧೂಳು ಒರೆಸಿದ್ದು ಮಾತ್ರ ನಾನೇ.

ಅದು ಬೇಡ ಎಂದು ನೀವು ಬರೆದಿದ್ದೀರಿ. ನಾನು ಕೇಳುವುದಿಲ್ಲ. ಆದರೆ ದಿನವಿಡೀ ಕೂರಿಸುವುದಿಲ್ಲ, ಅದೊಂದು ನನ್ನ ಹಟ. ಸೋಮವಾರದಿಂದ ಸಂಜೆ ನಾಲ್ಕರಿಂದ ಐದೂವರೆ. ಊಟದ ಗದ್ದಲ ಮುಗಿದಿರುತ್ತದೆ, ಲೋಕಲ್‌ನಲ್ಲಿ ರಶ್ ಶುರುವಾಗುವ ಮುಂಚೆ ನೀವು ಹೊರಡಬಹುದು. ಆ ಹೊತ್ತಿಗೆ ಬಂದು ಕಾಫಿ ಕುಡಿಯಲು ವಕೀಲ ಸಾಹೇಬರಿಗೆ ಹೇಳಿದ್ದೇನೆ. ನೀವು ಗಲ್ಲಾದಲ್ಲಿರುವಷ್ಟು ಹೊತ್ತು ನಾನು ಹಿಂದಿನ ರಸ್ತೆಯ ಗಾರ್ಡನ್ನಿನಲ್ಲಿ ಇರುತ್ತೇನೆ. ಗಾಯ ಒಣಗುವವರೆಗೆ ಬೆಂಚಿನ ಮೇಲೆ, ಆಮೇಲೆ ಕಾಲಿನ ಮೇಲೆ.

ಸುಂದ್ರವ್ವನ ಬಿಲ್ಲೆ ನನ್ನ ಅಂಗಿಯ ಜೇಬಿನಲ್ಲಿದೆ. ಹತ್ತು ಸುತ್ತು ಪೂರಾ ಆದ ದಿನ ಅದನ್ನು ತಂದು ಗಲ್ಲಾದ ಮೇಲೆ, ನಿಮ್ಮ ಎದುರು ಇಡುತ್ತೇನೆ. ಆಗ ನನಗೆ ಏನು ಕೊಡಬೇಕೋ ಕೊಡಿ. ಹೆಚ್ಚು ಕೇಳಿದರೆ ಇಲ್ಲ ಎನ್ನಿ.

ಈ ಕಾಗದಕ್ಕೆ ಉತ್ತರ ಬರೆಯಬೇಡಿ, ಬನ್ನಿ. ಜಗಳವಿದ್ದರೆ ತುಳುವಿನಲ್ಲೇ ಆಡೋಣ.

ನಿಮ್ಮ ತಮ್ಮ
ತಿಲಕ್